ಇಂಗ್ಲೆಂಡಿನ ಒಂದು ಕೌಂಟಿಯ ಹಳೆಯ ಉದ್ಯಾನಗಳ ಪಟ್ಟಿ: ಬೀದರ್ ಜಿಲ್ಲೆಗೆ ಅದರಿಂದ ದಾರಿ ಸಿಕ್ಕೀತೇ?

ಪ್ರಶ್ನೆ: ಕೋಟೆಯಂಗಳ, ಬೀದರ್

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಬೀದರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಸಲ ಪದವಿ ವಿದ್ಯಾರ್ಥಿಗಳಿಂದ ನಮ್ಮ ಜಿಲ್ಲೆಯ ಹಳೆಯ ತೋಟ, ಬಾಗ್ ಮತ್ತು ತೋಪುಗಳ ಪಟ್ಟಿಯೊಂದನ್ನು ಮಾಡಿಸಬೇಕೆಂಬ ಹಂಬಲವಿದೆ. ಕಟ್ಟಡಗಳ ಮಟ್ಟಿಗೆ ನಮಗೆ ಬರಹದ ಕೊರತೆಯಿಲ್ಲ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಾಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಗ್ರಂಥದಿಂದ ಹಿಡಿದು ಇಂದಿನವರೆಗೆ ಕೋಟೆ, ಮಹಲು, ಮದರಸಾ, ಗುಮ್ಮಟಗಳ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಆದರೆ ಆ ಕಟ್ಟಡಗಳ ನಡುವಿನ ನೆಲ ಹೇಗಿತ್ತು, ಅಲ್ಲಿ ಏನು ಬೆಳೆಯುತ್ತಿತ್ತು, ಅದಕ್ಕೆ ನೀರು ಎಲ್ಲಿಂದ ಬರುತ್ತಿತ್ತು ಎಂದು ವಿದ್ಯಾರ್ಥಿಗಳು ಕೇಳಿದರೆ ನನ್ನ ಉತ್ತರ ಎರಡು ಮಾತಿಗೇ ಮುಗಿಯುತ್ತದೆ.

ಕೋಟೆಯೊಳಗೆ ಸೋಲಾ ಖಂಬಾ ಮಸೀದಿಯ ಮುಂದಿರುವ ಲಾಲ್ ಬಾಗನ್ನು ಎಲ್ಲರೂ ನೋಡಿರುತ್ತಾರೆ. ಊರ ಪಶ್ಚಿಮಕ್ಕೆ ಬರೀದ್ ಶಾಹಿಗಳ ಗೋರಿಗಳಿರುವ ಜಾಗ ಇಂದು ಬೆಳಗಿನ ವಾಯುವಿಹಾರಕ್ಕೆ ಬರುವವರ ಉದ್ಯಾನವಾಗಿದೆ. ಅಲಿ ಬರೀದನ ಗೋರಿ ನಾಲ್ಕೂ ದಿಕ್ಕಿಗೆ ಕಮಾನು ತೆರೆದುಕೊಂಡು ನಿಂತಿರುವುದನ್ನು ನೋಡಿದಾಗ, ಸುತ್ತಲಿನ ತೋಟವೂ ಆ ಕಟ್ಟಡದ ವಿನ್ಯಾಸದ ಭಾಗವೇ ಆಗಿತ್ತೆಂಬುದು ಯಾರಿಗಾದರೂ ಹೊಳೆಯುತ್ತದೆ. ಝರಣಿ ನರಸಿಂಹ ಕ್ಷೇತ್ರದ ಹತ್ತಿರ ಮೊಘಲರ ಕಾಲದ ಫರಾಹ್ ಬಾಗ್ ಇತ್ತು. ಅಲ್ಲಿಯ ಮಸೀದಿ ಉಳಿದಿದೆ, ಬಾಗ್ ಹೆಸರಿನಲ್ಲಷ್ಟೇ ಉಳಿದಿದೆ. ಇವು ಪ್ರಸಿದ್ಧವಾದವು. ಇವುಗಳ ಆಚೆಗೆ ಜಾಗೀರುದಾರರ ಹಣ್ಣಿನ ತೋಟಗಳು, ಮಠ ಮತ್ತು ದರ್ಗಾಗಳ ಅಂಗಳಗಳು, ಊರ ಹೊರಗಿನ ಹುಣಸೆ ತೋಪುಗಳು ಎಷ್ಟಿದ್ದವು, ಎಷ್ಟು ಉಳಿದಿವೆ ಎಂಬುದನ್ನು ಒಂದೆಡೆ ಬರೆದಿಟ್ಟವರು ನನ್ನ ಕಣ್ಣಿಗೆ ಬಿದ್ದಿಲ್ಲ.

ಇಂಗ್ಲೆಂಡಿನಲ್ಲಿ ಪ್ರತಿಯೊಂದು ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗ) ಐತಿಹಾಸಿಕ ಉದ್ಯಾನಗಳನ್ನು ಹೀಗೆ ಪಟ್ಟಿ ಮಾಡಿ, ದರ್ಜೆ ಕೊಟ್ಟು, ಒಂದೊಂದರ ವಿವರಣೆ ಬರೆದಿದ್ದಾರೆಂದು ಓದಿದ್ದೇನೆ. ಬಲ್ಲವರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ಉದ್ಯಾನ ಐತಿಹಾಸಿಕವೆಂದು ಅಲ್ಲಿ ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ಗಿಡಮರಗಳೆಲ್ಲ ಹೋಗಿ ಬರೀ ನೆಲ ಉಳಿದಿದ್ದರೆ ಏನನ್ನು ನೋಡಿ ಬರೆಯುತ್ತಾರೆ? ಪಟ್ಟಿಗೆ ಸೇರಿದ ಮೇಲೆ ಆ ನೆಲಕ್ಕೆ ನಿಜವಾಗಿಯೂ ರಕ್ಷಣೆ ಸಿಗುತ್ತದೆಯೇ?

ಉತ್ತರ: ಆಳಂದದವ, ಸದ್ಯ ಏಲ್ಸ್‌ಬರಿ

ಮೇಡಂ, ಶರಣು. ನಮ್ಮೂರು ಆಳಂದ. ಉದ್ಯೋಗಕ್ಕಾಗಿ ಬಕಿಂಗ್‌ಹ್ಯಾಮ್‌ಶೈರ್ ಕೌಂಟಿಯ ಏಲ್ಸ್‌ಬರಿಯಲ್ಲಿ ನೆಲೆಸಿದ್ದೇನೆ. ರಜೆ ಸಿಕ್ಕಾಗಲೆಲ್ಲ ಇಲ್ಲಿಯ ಹಳೆಯ ಉದ್ಯಾನಗಳನ್ನು ನೋಡುತ್ತಾ, ಅವುಗಳ ಬಗ್ಗೆ ಓದುತ್ತಾ ಬಂದಿದ್ದೇನೆ. ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು, ಏಕೆಂದರೆ ಬೀದರಿಗೆ ಈ ಕೆಲಸ ಬೇಕೆಂದು ನನಗೂ ಅನೇಕ ಬಾರಿ ಅನಿಸಿದೆ.

ಇಲ್ಲಿ ಕಟ್ಟಡಗಳ ಸಂರಕ್ಷಣೆಗೆ ಕಾನೂನು ಮೊದಲೇ ಇತ್ತು; ಉದ್ಯಾನಗಳ ಸರದಿ ಬಂದದ್ದು ತಡವಾಗಿ. 1983ರ ರಾಷ್ಟ್ರೀಯ ಪರಂಪರೆ ಕಾಯ್ದೆಯ ನಂತರವೇ ವಿಶೇಷ ಐತಿಹಾಸಿಕ ಮಹತ್ವದ ಉದ್ಯಾನಗಳ ಅಧಿಕೃತ ಪಟ್ಟಿ ಸಿದ್ಧವಾಗತೊಡಗಿತು. ಈಗ ಅದನ್ನು ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸಂಸ್ಥೆ ನಿರ್ವಹಿಸುತ್ತದೆ. ಇಡೀ ಇಂಗ್ಲೆಂಡಿನಲ್ಲಿ ಸುಮಾರು 1,700 ಸ್ಥಳಗಳು ಅದರಲ್ಲಿದ್ದು, ಮೇಲಿನಿಂದ ಕೆಳಕ್ಕೆ ಒಂದು, ಎರಡು-ನಕ್ಷತ್ರ ಮತ್ತು ಎರಡು ಎಂಬ ಮೂರು ದರ್ಜೆಗಳಿವೆ. ಸಾಮಾನ್ಯವಾಗಿ ಮೂವತ್ತು ವರ್ಷವಾದರೂ ಹಳೆಯದಾಗಿರಬೇಕು. 1750ಕ್ಕಿಂತ ಹಿಂದಿನ ಉದ್ಯಾನವಾದರೆ ಮೂಲ ವಿನ್ಯಾಸದ ಒಂದು ಭಾಗ ಉಳಿದಿದ್ದರೂ ಪಟ್ಟಿಗೆ ಸೇರುವ ಸಾಧ್ಯತೆ ಹೆಚ್ಚು. ಕಾಲ ಹತ್ತಿರ ಬಂದಂತೆ ಆಯ್ಕೆ ಬಿಗಿಯಾಗುತ್ತದೆ. ಇಲ್ಲಿ ನೀವು ಗಮನಿಸಬೇಕಾದದ್ದು ವಿನ್ಯಾಸವೆಂಬ ಮಾತನ್ನು. ಹೂವು ಈ ವರ್ಷ ಇರುತ್ತದೆ, ಮುಂದಿನ ವರ್ಷ ಇರುವುದಿಲ್ಲ; ನೂರು ವರ್ಷದ ಮರವೂ ಒಂದು ದಿನ ಬೀಳುತ್ತದೆ. ನೆಲದ ಏರಿಳಿತ, ದಾರಿಯ ಗೆರೆ, ನೀರಿನ ಹರಿವು, ಆವರಣ ಗೋಡೆ, ಒಂದು ಕಡೆ ನಿಂತರೆ ದೃಷ್ಟಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದು, ಇವನ್ನೇ ಉದ್ಯಾನದ ಎಲುಬೆಂದು ಇಲ್ಲಿಯವರು ಪರಿಗಣಿಸುತ್ತಾರೆ.

ಅಧಿಕೃತ ವಿವರಣೆಗಳನ್ನು ಓದಿದರೆ ಒಂದು ಕ್ರಮ ಕಾಣುತ್ತದೆ. ಮೊದಲು ಆ ಉದ್ಯಾನ ಬೆಳೆದುಬಂದ ಇತಿಹಾಸ, ಆಮೇಲೆ ಸ್ಥಳ, ವಿಸ್ತೀರ್ಣ, ಎಲ್ಲೆಗಳು, ಸುತ್ತಲಿನ ಪರಿಸರ, ನಂತರ ಪ್ರವೇಶದ್ವಾರ ಮತ್ತು ಒಳಬರುವ ದಾರಿಗಳು, ಮುಖ್ಯ ಕಟ್ಟಡ, ಅದರ ಹತ್ತಿರದ ತೋಟ, ಅದರಾಚೆಯ ವಿಶಾಲ ಹುಲ್ಲುಗಾವಲು, ಕೊನೆಗೆ ತರಕಾರಿ ಮತ್ತು ಹಣ್ಣಿನ ತೋಟ. ಈ ಕ್ರಮವನ್ನು ನೀವು ಹಾಗೆಯೇ ತೆಗೆದುಕೊಳ್ಳಬಹುದು, ಒಂದೇ ಒಂದು ಬದಲಾವಣೆಯೊಂದಿಗೆ: ನಮ್ಮ ಕಡೆ ನೀರಿಗೆ ಪ್ರತ್ಯೇಕ ಅಧ್ಯಾಯ ಬೇಕು, ಅದೂ ಮೊದಲ ಅಧ್ಯಾಯವಾಗಿ.

ಉದಾಹರಣೆಗೆ ಈ ಕೌಂಟಿಯ ಸ್ಟೋ ಉದ್ಯಾನವನ್ನೇ ನೋಡಿ. ಒಂದನೇ ದರ್ಜೆಯದು, ವಿಸ್ತೀರ್ಣ ಸುಮಾರು 250 ಎಕರೆ. ಕೋಬಮ್ ಎಂಬ ಶ್ರೀಮಂತ ಹದಿನೆಂಟನೆಯ ಶತಮಾನದ ಆರಂಭದಿಂದ ಇದನ್ನು ಬೆಳೆಸಿದ. ಚಾರ್ಲ್ಸ್ ಬ್ರಿಜ್‌ಮನ್ ಹಾಕಿದ ನೇರ ಗೆರೆಗಳ ವಿನ್ಯಾಸ ಮೊದಲನೆಯದು. ಅದರ ಮೇಲೆ 1730ರ ದಶಕದಲ್ಲಿ ವಿಲಿಯಂ ಕೆಂಟ್ ಕಣಿವೆ, ತೊರೆ, ಪುಟ್ಟ ಗುಡಿಗಳ ಮೃದುವಾದ ದೃಶ್ಯಗಳನ್ನು ಸೇರಿಸಿದ. 1741ರಲ್ಲಿ ಮುಖ್ಯ ತೋಟಗಾರನಾಗಿ ಬಂದ ಲ್ಯಾನ್ಸ್‌ಲಾಟ್ ಬ್ರೌನ್ ಹತ್ತು ವರ್ಷ ಇಲ್ಲಿದ್ದು, ಆಮೇಲೆ ದೇಶದುದ್ದಕ್ಕೂ ಕೆರೆ ಕಟ್ಟಿ, ದಿಣ್ಣೆ ಸವರಿ, ಮರಗಳ ಗುಂಪು ನೆಟ್ಟು ಇಂಗ್ಲೆಂಡಿನ ನೆಲದ ಚಹರೆಯನ್ನೇ ಬದಲಿಸಿದ. ನೋಡಲು ಬರುವವರಿಗಾಗಿ 1717ರಷ್ಟು ಹಿಂದೆಯೇ ಇಲ್ಲಿ ಒಂದು ವಸತಿಗೃಹ ಕಟ್ಟಿಸಿದ್ದರು; 1744ರಲ್ಲಿ ಈ ಉದ್ಯಾನದ ಮಾರ್ಗದರ್ಶಿ ಪುಸ್ತಕವೂ ಅಚ್ಚಾಯಿತು. ಹೀಗಾಗಿ ಯಾವ ವರ್ಷ ಯಾವ ಗುಡಿ ಎಲ್ಲಿತ್ತೆಂಬುದನ್ನು ಹಳೆಯ ಪುಸ್ತಕಗಳನ್ನು ಹೋಲಿಸಿಯೇ ಹೇಳಬಹುದು.

ಸ್ಟೋದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಗುಡಿಗಳಿಗಿಂತ ಅದರ ಅಂಚಿನ ಕಂದಕ. ಅದರ ತೋಟದ ಕಡೆಯ ಬದಿ ನೆಟ್ಟಗೆ ನಿಂತ ಗೋಡೆ. ಹೊರಗಿನ ಬದಿ ಹುಲ್ಲು ಬೆಳೆದ ಇಳಿಜಾರು. ಹೊರಗೆ ಮೇಯುವ ಕುರಿ, ದನಗಳು ಇಳಿಜಾರಿನಲ್ಲಿ ಕೆಳಗಿಳಿದರೂ ಗೋಡೆ ಹತ್ತಿ ಒಳಗೆ ಬರಲಾರವು. ಮನೆಯ ಕಡೆಯಿಂದ ನೋಡಿದವರಿಗೆ ಗೋಡೆಯ ತಲೆ ನೆಲಮಟ್ಟದಲ್ಲಿ ಮುಗಿಯುವುದರಿಂದ ಬೇಲಿಯೇ ಕಾಣದೆ ತೋಟವೂ ಬಯಲೂ ಒಂದೇ ಹಾಸಾಗಿ ಕಾಣುತ್ತವೆ. ಇಂಥ ಕಂದಕ ಅರ್ಧ ಮುಚ್ಚಿಹೋಗಿ ಹೊಲದ ನಡುವೆ ಬರೀ ತಗ್ಗಾಗಿ ಉಳಿದಿದ್ದರೂ, ಅದರ ಒಂದು ಬದಿ ಕಡಿದಾಗಿ ಇನ್ನೊಂದು ಬದಿ ಜಾರಾಗಿರುವುದನ್ನು ನೋಡಿ ಇಲ್ಲೊಂದು ಉದ್ಯಾನದ ಎಲ್ಲೆಯಿತ್ತೆಂದು ಅನುಭವಿಗಳು ಗುರುತಿಸುತ್ತಾರೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ಬರಿ ನೆಲ ಮಾತಾಡುವ ಬಗೆ ಇನ್ನೂ ಇದೆ. 2018ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಅಪರೂಪದ ಬಿಸಿಲು ಬಿದ್ದು ಹುಲ್ಲು ಒಣಗಿದಾಗ, ಡರ್ಬಿಶೈರಿನ ಚ್ಯಾಟ್ಸ್‌ವರ್ತ್ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಮಾಡಿದ್ದ ಹೂಮಡಿಗಳ ಮತ್ತು ಕಾಲುದಾರಿಗಳ ಆಕಾರ ಪೂರ್ತಿ ಮೂಡಿಬಂತು. ಹಳೆಯ ದಾರಿಯ ಮೇಲಿನ ಹುಲ್ಲು ಒಂದು ಬಣ್ಣದಲ್ಲಿ, ಮಡಿಗಳ ಮೇಲಿನದು ಇನ್ನೊಂದು ಬಣ್ಣದಲ್ಲಿ ಒಣಗಿದ್ದೇ ಅದಕ್ಕೆ ಕಾರಣ. ನಮ್ಮ ಬೀದರಿನಲ್ಲಿ ಅಂಥ ಬಿಸಿಲಿಗೇನೂ ಬರವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಎತ್ತರದ ಬುರುಜಿನ ಮೇಲಿಂದ ಮುಂಜಾನೆಯ ಓರೆ ಬೆಳಕಿನಲ್ಲಿ ಫೋಟೊ ತೆಗೆಸಿ ನೋಡಿ.

ಕಾಗದಪತ್ರಗಳ ವಿಷಯದಲ್ಲಿ ಇಲ್ಲಿಯವರ ಭಾಗ್ಯ ದೊಡ್ಡದು. ಎಸ್ಟೇಟಿನ ನಕ್ಷೆಗಳು, ಚರ್ಚಿಗೆ ಸಲ್ಲುತ್ತಿದ್ದ ದಶಾಂಶ ತೆರಿಗೆಗಾಗಿ 1836ರ ಕಾಯ್ದೆಯಂತೆ ತಯಾರಾದ ನಕ್ಷೆಗಳು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ದೊಡ್ಡ ಅಳತೆಯ ಸರ್ವೇ ನಕ್ಷೆಗಳು, ಆಸ್ತಿ ಹರಾಜಿಗೆ ಬಂದಾಗ ಅಚ್ಚು ಹಾಕಿಸಿದ ವಿವರಪತ್ರಗಳು, ಇವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತಾರೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡಿಸ್ರೇಲಿಗೆ ಇದೇ ಕೌಂಟಿಯಲ್ಲಿದ್ದ ಹ್ಯೂಯೆಂಡನ್ ಮನೆಯ ತೋಟವನ್ನು ಅವನ ಪತ್ನಿ ಮೇರಿ ಆನ್ ಮಾಡಿಸಿದ್ದಳು. 1881ರಲ್ಲಿ ಅವನು ತೀರಿಕೊಂಡ ಮೇಲೆ ತೆಗೆದ ಫೋಟೊಗಳ ಆಧಾರದ ಮೇಲೆ ಅದನ್ನು ಮತ್ತೆ ಆ ಕಾಲದಂತೆ ನೆಟ್ಟಿದ್ದಾರೆ.

ನೀರಿನ ಮಾತು ಬಂದದ್ದರಿಂದ ಇದೇ ಕೌಂಟಿಯ ವ್ಯಾಡ್ಸ್‌ಡನ್ ಎಂಬ ದೊಡ್ಡಮನೆಯ ಉದ್ಯಾನದ ಬಗ್ಗೆ ಹೇಳಿಬಿಡುತ್ತೇನೆ. ಫರ್ಡಿನಾಂಡ್ ಡಿ ರಾಥ್ಸ್‌ಚೈಲ್ಡ್ 1874ರಲ್ಲಿ ಕೊಂಡದ್ದು ಬೋಳು ಗುಡ್ಡ. ಅದರ ತಲೆಯನ್ನು ಕಡಿದು ಸಮ ಮಾಡಿಸಿ, ಬೆಳೆದು ನಿಂತ ಮರಗಳನ್ನು ಬೇರುಸಹಿತ ಕುದುರೆಗಳಿಂದ ಎಳೆಸಿ ತಂದು ನೆಡಿಸಿದ. ಆದರೆ ಗುಡ್ಡದ ಮೇಲೆ ನೀರಿಲ್ಲ. ದೂರದ ಚಿಲ್ಟರ್ನ್ ಬೆಟ್ಟಗಳ ಕಡೆಯಿಂದ ಕೊಳವೆ ಹಾಕಿಸಿದ ಮೇಲೆಯೇ ಅಲ್ಲಿಯ ಕಾರಂಜಿ, ಹೂಮಡಿಗಳು ಸಾಧ್ಯವಾದವು. ಇಷ್ಟು ಮಳೆಯ ನಾಡಿನಲ್ಲೇ ಹೀಗಿದ್ದರೆ, ನಮ್ಮ ಕಡೆ ಯಾವ ತೋಟವಿತ್ತೆಂದು ಹುಡುಕುವವರು ನೀರನ್ನು ಬೆನ್ನುಹತ್ತುವುದೇ ಸರಿಯಾದ ದಾರಿ. ನೌಬಾದಿನ ಸುರಂಗ ಬಾವಿ (ನೆಲದಡಿ ಕೊರೆದ ಹಳೆಯ ನೀರಿನ ಕಾಲುವೆ) ಯಾವ ಯಾವ ಹೊಲಗಳ ಕೆಳಗೆ ಹಾದು ಎಲ್ಲಿ ಹೊರಬೀಳುತ್ತದೆಯೋ, ಅದರ ಕೆಳಗಿನ ಜಮೀನುಗಳೇ ನಿಮ್ಮ ಮೊದಲ ಅಧ್ಯಯನ ಕ್ಷೇತ್ರವಾಗಬೇಕೆಂದು ನನ್ನ ಅಭಿಪ್ರಾಯ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ಕರಿ ಕಲ್ಲು ಇರುವ ಬೀದರಿನ ನೆಲದಲ್ಲಿ ನೀರು ಇವೆರಡೂ ಕೂಡುವಲ್ಲಿ ನಿಲ್ಲುತ್ತದೆ. ತೋಟ ಮಾಡಿದವರು ಅದನ್ನು ತಿಳಿದೇ ಮಾಡಿದ್ದಾರೆ.

ಇನ್ನು ರಕ್ಷಣೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾರೂ ಏನನ್ನೂ ಮುಟ್ಟಬಾರದೆಂಬ ಕಾನೂನು ಇಲ್ಲಿಯೂ ಇಲ್ಲ. ಅಲ್ಲಿ ಕಟ್ಟಡ ಕಟ್ಟಲು, ರಸ್ತೆ ಹಾಯಿಸಲು ಅರ್ಜಿ ಬಂದಾಗ ಸ್ಥಳೀಯ ಆಡಳಿತವು ಆ ಮಹತ್ವವನ್ನು ಗಣನೆಗೆ ತೆಗೆದುಕೊಳ್ಳಲೇಬೇಕು, ಗಾರ್ಡನ್ಸ್ ಟ್ರಸ್ಟ್ ಎಂಬ ಸಂಸ್ಥೆಯ ಅಭಿಪ್ರಾಯ ಕೇಳಲೇಬೇಕು. ಮೇಲಿನ ಎರಡು ದರ್ಜೆಗಳಾದರೆ ಹಿಸ್ಟಾರಿಕ್ ಇಂಗ್ಲೆಂಡನ್ನೂ ಕೇಳಬೇಕು. ಅದಕ್ಕಿಂತ ಹೆಚ್ಚಿನ ಬಲ ಜನರಿಂದ ಬಂದಿದೆ. 1984ರಲ್ಲಿ ಹ್ಯಾಂಪ್‌ಶೈರಿನಲ್ಲಿ ಶುರುವಾದ ಕೌಂಟಿ ಮಟ್ಟದ ಉದ್ಯಾನ ಟ್ರಸ್ಟುಗಳು ಈಗ ದೇಶದ ಎಲ್ಲೆಡೆ ಇವೆ. ರಾಷ್ಟ್ರೀಯ ಪಟ್ಟಿಗೆ ಸೇರದ ಸಣ್ಣ ಉದ್ಯಾನಗಳನ್ನು ಈ ಟ್ರಸ್ಟುಗಳ ಸ್ವಯಂಸೇವಕರು ಸ್ವತಃ ನಡೆದು, ದಾಖಲೆ ಓದಿ, ವರದಿ ಬರೆದಿಡುತ್ತಾರೆ. ಅವರಲ್ಲಿ ನಿವೃತ್ತ ಶಿಕ್ಷಕರು, ಗುಮಾಸ್ತರು, ಗೃಹಿಣಿಯರೇ ಹೆಚ್ಚು. ನಿಮ್ಮ ವಿದ್ಯಾರ್ಥಿಗಳಿಗೆ ಇದು ಆಗದ ಕೆಲಸವಲ್ಲ.

ಉತ್ತರ: ಹಳೆಯ ನಕಾಶೆ, ಕಲಬುರಗಿ

ಉಪನ್ಯಾಸಕಿ ಅಮ್ಮನವರಿಗೆ ನಮಸ್ಕಾರ. ನಾನು ಭೂದಾಖಲೆ ಇಲಾಖೆಯಲ್ಲಿ ಸರ್ವೇ ಕೆಲಸ ಮಾಡಿ ನಿವೃತ್ತನಾದವನು. ಆಳಂದದ ಸಹೋದರರು ಇಂಗ್ಲೆಂಡಿನವರ ಕಾಗದಪತ್ರಗಳನ್ನು ಭಾಗ್ಯವೆಂದು ಕರೆದಿದ್ದಾರೆ. ನಮ್ಮಲ್ಲಿಯೂ ಆ ಭಾಗ್ಯವಿದೆ, ಅದನ್ನು ತೋಟದ ಕಣ್ಣಿನಿಂದ ಯಾರೂ ಓದಿಲ್ಲ.

ನೀವು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು 1954-55ರ ಖಾಸ್ರಾ ಪಹಣಿ. ಹೈದರಾಬಾದ್ ಸಂಸ್ಥಾನದ ಜಾಗೀರುಗಳು 1949ರಲ್ಲಿ ರದ್ದಾದ ಕೆಲವೇ ವರ್ಷಗಳಲ್ಲಿ ತಯಾರಾದ ದಾಖಲೆ ಅದು. ಆದ್ದರಿಂದ ಜಾಗೀರುದಾರರ ತೋಟಗಳು ಕೈ ಬದಲಾಯಿಸುತ್ತಿದ್ದ ಹೊತ್ತಿನ ಸ್ಥಿತಿ ಅದರಲ್ಲಿ ಸಿಕ್ಕುತ್ತದೆ. ಜಮೀನನ್ನು ತರಿ (ನೀರಾವರಿ ಗದ್ದೆ), ಖುಷ್ಕಿ (ಮಳೆಯನ್ನೇ ನಂಬಿದ ಹೊಲ), ಬಾಗಾಯತು (ತೋಟ) ಎಂದು ವಿಂಗಡಿಸಿರುತ್ತಾರೆ. ಸುತ್ತಲೆಲ್ಲ ಖುಷ್ಕಿ ಇದ್ದು, ನಡುವೆ ಒಂದೇ ಒಂದು ಸರ್ವೇ ನಂಬರು ಬಾಗಾಯತು ಎಂದು ದಾಖಲಾಗಿದ್ದರೆ ಅಲ್ಲಿಗೆ ವಿದ್ಯಾರ್ಥಿಗಳನ್ನು ಕಳಿಸಿ; ನೀರಿನ ಆಸರೆ ಇಲ್ಲದೆ ಹಾಗೆ ಬರೆಯುವುದಿಲ್ಲ.

ಎರಡನೆಯದಾಗಿ ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪುಸ್ತಕ) ಮತ್ತು ಟಿಪ್ಪಣಿಯಲ್ಲಿ (ಅಳತೆಯ ನಕ್ಷೆ) ಖರಾಬ್ ಎಂದು ಬಿಟ್ಟ ಜಾಗಗಳನ್ನು ನೋಡಿ. ಸಾಗುವಳಿಗೆ ಬಾರದ ಬಾವಿ, ಗೋರಿ, ಕಟ್ಟೆ, ದಾರಿ, ನಾಲೆಗಳನ್ನು ಅಳತೆಯಲ್ಲಿ ಹಾಗೆ ಕಳೆದಿರುತ್ತಾರೆ. ಒಂದು ಹೊಲದಲ್ಲಿ ಮಾಲೀಕರಿಗೇ ಗೊತ್ತಿಲ್ಲದ ಹಳೆಯ ಹೊಂಡ ಕೆಲವು ಗುಂಟೆ ಖರಾಬಿನ ರೂಪದಲ್ಲಿ ಕಾಗದದ ಮೇಲೆ ಜೀವಂತವಾಗಿರುವುದನ್ನು ನಾನು ನನ್ನ ಸೇವೆಯಲ್ಲಿ ಅನೇಕ ಊರುಗಳಲ್ಲಿ ಕಂಡಿದ್ದೇನೆ. ಗ್ರಾಮ ನಕಾಶೆಯಲ್ಲಿ ಬಾವಿ ಮತ್ತು ತೋಪಿನ ಗುರುತುಗಳೂ ಇರುತ್ತವೆ. ಹಳೆಯ ದಾಖಲೆಗಳು ಉರ್ದುವಿನಲ್ಲಿವೆ, ಕೆಲವು ಮೋಡಿ ಲಿಪಿಯಲ್ಲಿವೆ. ಓದಬಲ್ಲ ಹಿರಿಯರು ಬೀದರ್, ಹುಮನಾಬಾದ್ ಕಡೆ ಇನ್ನೂ ಇದ್ದಾರೆ, ಅವರಿರುವಾಗಲೇ ಅವರನ್ನು ಕೂಡಿಸಿಕೊಳ್ಳಿ. ಜಿಲ್ಲೆಯಲ್ಲಿ ಸಿಗದ ಸಂಸ್ಥಾನ ಕಾಲದ ಕಾಗದಗಳಿಗೆ ಹೈದರಾಬಾದಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ.

ನೆಲದ ಮೇಲೆ ಹೋದಾಗ ಬಾವಿಯ ಬಾಯನ್ನು ಚೆನ್ನಾಗಿ ಪರೀಕ್ಷಿಸಿ. ಎತ್ತುಗಳಿಂದ ನೀರೆತ್ತುತ್ತಿದ್ದ ಬಾವಿಯಾಗಿದ್ದರೆ ಅಂಚಿನ ಕಲ್ಲುಗಳಲ್ಲಿ ಹಗ್ಗ ಉಜ್ಜಿ ಬಿದ್ದ ಗೀರುಗಳಿರುತ್ತವೆ. ಕೆಲವು ಕಡೆ ಕಿರುಬೆರಳು ಹಿಡಿಯುವಷ್ಟು ಆಳ. ಅದರ ಎದುರಿಗೆ ಎತ್ತುಗಳು ಇಳಿದು ಹತ್ತುತ್ತಿದ್ದ ಇಳಿಜಾರು, ನೀರು ಸುರಿಯುತ್ತಿದ್ದ ದೋಣಿ, ಅಲ್ಲಿಂದ ಹೊರಟ ಗಾರೆಯ ಕಾಲುವೆಯ ತುಂಡು ಸಿಗಬಹುದು. ಆ ಕಾಲುವೆ ಯಾವ ದಿಕ್ಕಿಗೆ ಹೊರಳುತ್ತದೆಯೋ ತೋಟ ಆ ಕಡೆಗಿತ್ತು. ಹತ್ತಿರದಲ್ಲಿ ಹಳೆಯ ಮಾವು, ಹುಣಸೆ ಮರಗಳಿದ್ದರೆ ಅವುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯಿರಿ. ತಾನಾಗಿ ಹುಟ್ಟಿದ ಮರಗಳು ಸಮ ಅಂತರದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ.

ನಮ್ಮ ಕಲಬುರಗಿ ಜಿಲ್ಲೆಯ ಮಾತು ಒಂದನ್ನು ಸೇರಿಸುತ್ತೇನೆ. ಭೀಮಾ ದಂಡೆಯ ಫಿರೋಜಾಬಾದ್, ಫಿರೋಜ್ ಶಾಹ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಅರಮನೆಯ ನಗರ. ಮೂರು ಕಡೆ ಕೋಟೆ ಗೋಡೆ, ಒಂದು ಕಡೆ ನದಿ. ಒಳಗಿನ ದೊಡ್ಡ ಭಾಗ ಇಂದು ಉಳುಮೆಯ ಹೊಲ. ಅಲ್ಲಿಯ ಸರ್ವೇ ನಂಬರುಗಳ ಗಡಿಗಳು ಹಳೆಯ ಅಂಗಳಗಳ ಗಡಿಗಳನ್ನೇ ಹಿಡಿದಿವೆಯೇ ಎಂದು ಯಾರಾದರೂ ಶ್ರದ್ಧೆಯಿಂದ ಹೋಲಿಸಿ ನೋಡಬೇಕು. ಬೀದರಿನ ಕೆಲಸ ಮುಗಿದ ಮೇಲೆ ನಿಮ್ಮ ವಿದ್ಯಾರ್ಥಿಗಳು ಇತ್ತ ಬರಲಿ.

ಉತ್ತರ: ಸಗರನಾಡು, ಸುರಪುರ

ಚರ್ಚೆ ಬಹಳ ಉಪಯುಕ್ತವಾಗಿದೆ. ಆದರೆ ಒಂದು ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಆಳಂದದ ಅಣ್ಣಾವ್ರು ವರ್ಣಿಸಿದ ಸ್ಟೋ ಉದ್ಯಾನಕ್ಕಾಗಿ ಸ್ಟೋ ಎಂಬ ಹಳ್ಳಿಯೇ ಇಲ್ಲವಾಯಿತು. ಒಕ್ಕಲುಗಳು ಪಕ್ಕದ ಡ್ಯಾಡ್‌ಫರ್ಡ್‌ಗೆ ಹೋಗಬೇಕಾಯಿತು, ಊರಿನ ಚರ್ಚು ಮಾತ್ರ ಮರಗಳ ಮರೆಯಲ್ಲಿ ಉಳಿಯಿತು. ಶ್ರೀಮಂತನ ಕಣ್ಣಿಗೆ ಹಿತವಾಗಲೆಂದು ಹಳ್ಳಿಯೊಂದನ್ನು ಎತ್ತಿಹಾಕಿದ ನೆಲಕ್ಕೆ ಒಂದನೇ ದರ್ಜೆ ಕೊಡುವ ಪದ್ಧತಿಯನ್ನು ನಾವು ಹಾಗೆಯೇ ತಂದರೆ, ನಮ್ಮ ಪಟ್ಟಿಯಲ್ಲಿಯೂ ಸುಲ್ತಾನರು ಮತ್ತು ಜಾಗೀರುದಾರರಷ್ಟೇ ತುಂಬಿಕೊಳ್ಳುತ್ತಾರೆ. ಜಾಗೀರಿನ ತೋಟಗಳಲ್ಲಿ ಬಿಟ್ಟಿ ದುಡಿದು ನೀರು ಹೊತ್ತವರ ಮೊಮ್ಮಕ್ಕಳು ಇಂದು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು, ಮೇಡಂ. ಅವರ ಅಜ್ಜ ಅಜ್ಜಿಯರ ಮಾತು ಮೊದಲು ದಾಖಲಾಗಲಿ.

ನಮ್ಮ ಸುರಪುರದಲ್ಲಿ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ. ಗುಡ್ಡದ ಮೇಲೆ ಅವನ ಟೇಲರ್ ಮಂಜಿಲ್ ಇಂದಿಗೂ ಇದೆ, ಬಂದವರಿಗೆಲ್ಲ ಅದನ್ನು ತೋರಿಸುತ್ತೇವೆ. ಆದರೆ ಅದೇ ತಾಲ್ಲೂಕಿನಲ್ಲಿ ದೇವರ ಹೆಸರಿನಲ್ಲಿ ಉಳಿದ ಬನಗಳನ್ನು, ಹಟ್ಟಿಯ ಮುಂದಿನ ಬೇವಿನ ಕಟ್ಟೆಗಳನ್ನು, ಸಂತೆ ಕೂಡುವ ಹುಣಸೆ ತೋಪುಗಳನ್ನು ಪರಂಪರೆಯೆಂದು ಯಾರೂ ತೋರಿಸುವುದಿಲ್ಲ. ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ದೇಶದಲ್ಲೇ ಮೊದಲನೆಯದು ಅದು. ಅರಮನೆಯಿಲ್ಲದ ತೋಪಿಗೂ ರಕ್ಷಣೆ ಸಿಕ್ಕೀತೆಂಬುದಕ್ಕೆ ನಮ್ಮ ರಾಜ್ಯದ ಉದಾಹರಣೆಯೇ ಇರುವಾಗ, ಬಕಿಂಗ್‌ಹ್ಯಾಮ್‌ಶೈರಿಗಿಂತ ಮೊದಲು ನಲ್ಲೂರನ್ನು ನೋಡಿ ಬನ್ನಿ ಎಂದು ನನ್ನ ಕಳಕಳಿಯ ಮನವಿ.

ಉತ್ತರ: ಆಳಂದದವ, ಸದ್ಯ ಏಲ್ಸ್‌ಬರಿ

ಸಗರನಾಡು ಅವರು ಹೇಳಿದ್ದು ನಿಜ. ಆ ಚರ್ಚಿನಲ್ಲೇ ತೋಟಗಾರ ಬ್ರೌನನ ಮದುವೆ 1744ರಲ್ಲಿ ನಡೆಯಿತು. ಅದರ ಸುತ್ತ ಊರಿತ್ತೆಂಬುದು ಇಂದು ಅಲ್ಲಿ ಸುತ್ತಾಡುವವರಿಗೆ ಸುಲಭವಾಗಿ ತೋಚುವುದಿಲ್ಲ. ನಲ್ಲೂರಿನ ಉದಾಹರಣೆಯನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ.

ಆದರೂ ಎರಡು ಮಾತು ಹೇಳಬೇಕು. ಇಲ್ಲಿಯ ಪಟ್ಟಿಯಲ್ಲಿ ದೊಡ್ಡಮನೆಗಳಷ್ಟೇ ಇಲ್ಲ. 1840ರಲ್ಲಿ ಡರ್ಬಿ ನಗರದ ಜನರಿಗಾಗಿ ಉದ್ಯಾನ ವಿನ್ಯಾಸಕ ಲೌಡನ್ ರೂಪಿಸಿದ ವೃಕ್ಷೋದ್ಯಾನ, 1847ರಲ್ಲಿ ತೆರೆದ, ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿದ ಬರ್ಕನ್‌ಹೆಡ್ ಸಾರ್ವಜನಿಕ ಉದ್ಯಾನ, ಊರ ರುದ್ರಭೂಮಿಗಳು, ಆಸ್ಪತ್ರೆಗಳ ಅಂಗಳಗಳು ಕೂಡ ಅದರಲ್ಲಿವೆ. ಇನ್ನೊಂದು, ದುಡಿದವರ ಹೆಸರು ಸಿಗುವುದೂ ದೊಡ್ಡಮನೆಗಳ ಲೆಕ್ಕದ ಪುಸ್ತಕಗಳಲ್ಲಿಯೇ. ಸ್ಟೋದ ಒಡೆಯರು ಸಾಲದಲ್ಲಿ ಮುಳುಗಿ 1848ರಲ್ಲಿ ಮನೆಯ ಸಾಮಾನು ಹರಾಜಾಯಿತು, 1920ರ ದಶಕದ ಆರಂಭದಲ್ಲಿ ಆಸ್ತಿಯೇ ಮಾರಾಟವಾಯಿತು, 1923ರಲ್ಲಿ ಅಲ್ಲಿ ಶಾಲೆ ಬಂತು. ಅವರ ಕಾಗದಪತ್ರಗಳ ದೊಡ್ಡ ರಾಶಿ ಅಮೆರಿಕದ ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಗ್ರಂಥಾಲಯ ಸೇರಿತು. ಬಕಿಂಗ್‌ಹ್ಯಾಮ್‌ಶೈರಿನ ತೋಟದ ಕೂಲಿಯ ಲೆಕ್ಕ ನೋಡಬೇಕಾದ ಸಂಶೋಧಕರು ಸಮುದ್ರ ದಾಟಬೇಕಾಗಿದೆ. ಜಾಗೀರುದಾರರ ತೋಟವೆಂದು ಬಿಟ್ಟುಬಿಟ್ಟರೆ ಅದರ ಲೆಕ್ಕಪತ್ರವೂ ಹಾಗೆಯೇ ಕೈತಪ್ಪುತ್ತದೆ, ಬಿಟ್ಟಿ ದುಡಿದವರ ಸಾಕ್ಷಿಯೂ ಅದರೊಂದಿಗೆ ಹೋಗುತ್ತದೆ. ಎರಡೂ ಬಗೆಯವನ್ನು ಸೇರಿಸಿ, ವಿವರಣೆಯಲ್ಲಿ ಮಾಡಿಸಿದವರು ಯಾರು, ಮಾಡಿದವರು ಯಾರು ಎಂದು ಬೇರೆ ಬೇರೆ ಬರೆಯುವುದೇ ಒಳ್ಳೆಯದೆಂದು ನನಗೆ ತೋರುತ್ತದೆ.

ಪ್ರತಿಕ್ರಿಯೆ: ಕೋಟೆಯಂಗಳ, ಬೀದರ್

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಆಧರಿಸಿ ನಮೂನೆಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ನೀರಿನ ಮೂಲ ಮೊದಲ ಕಲಮಾಗಿರುತ್ತದೆ. ಆಮೇಲೆ ಎಲ್ಲೆ, ದಾರಿ, ಕಟ್ಟಡ, ಮರಗಳು, ಖಾಸ್ರಾ ಪಹಣಿಯ ನಮೂದು ಬರುತ್ತವೆ. ಮಾಡಿಸಿದವರು ಮತ್ತು ಮಾಡಿದವರು ಎಂಬ ಎರಡು ಪ್ರತ್ಯೇಕ ಕಲಮುಗಳನ್ನೂ ಇಡುತ್ತೇವೆ. ಹಿರಿಯರ ಹೇಳಿಕೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ. ನೌಬಾದಿನ ಸುರಂಗ ಬಾವಿಯ ಕೆಳಗಿನ ಜಮೀನುಗಳಿಂದ ಆರಂಭಿಸಿ, ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ಕಡೆಗೆ ಸಾಗುವುದೆಂದು ನಿಶ್ಚಯಿಸಿದ್ದೇವೆ.

ಒಂದು ಆತಂಕ ಮಾತ್ರ ಉಳಿದಿದೆ. ನಮ್ಮ ಕಡೆ ಹಳೆಯ ಗೋರಿ, ಬಾವಿ, ಕಟ್ಟೆಗಳ ಸುದ್ದಿ ಹಬ್ಬಿದರೆ ನಿಧಿಯ ಆಸೆಗೆ ರಾತ್ರೋರಾತ್ರಿ ಅಗೆಯುವವರು ಬರುತ್ತಾರೆ. ಖಾಸಗಿ ಜಮೀನಿನವರು ಕೂಡ ಸರ್ಕಾರ ಹೊಲ ಕಸಿದುಕೊಂಡೀತೆಂದು ಹೆದರುತ್ತಾರೆ. ಪಟ್ಟಿಯನ್ನು ಎಷ್ಟರ ಮಟ್ಟಿಗೆ ಬಹಿರಂಗಪಡಿಸಬೇಕು?

ಉತ್ತರ: ಹಳೆಯ ನಕಾಶೆ, ಕಲಬುರಗಿ

ಅಮ್ಮ, ನಿಮ್ಮ ಆತಂಕ ಸರಿಯಾದದ್ದೇ. ಸಾರ್ವಜನಿಕರಿಗೆ ಕೊಡುವ ಪ್ರತಿಯಲ್ಲಿ ಊರಿನ ಹೆಸರು ಮತ್ತು ವಿವರಣೆ ಸಾಕು. ಸರ್ವೇ ನಂಬರು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ), ಮಾಲೀಕರ ಹೆಸರು ಕಾಲೇಜಿನಲ್ಲಿಡುವ ಪ್ರತಿಯಲ್ಲಷ್ಟೇ ಇರಲಿ. ಹೊಲಕ್ಕೆ ಕಾಲಿಡುವ ಮೊದಲು ಮಾಲೀಕರನ್ನು ಕಂಡು, ಇದು ವಿದ್ಯಾರ್ಥಿಗಳ ಅಭ್ಯಾಸವೆಂದು ತಿಳಿಸಿ, ಪಹಣಿಯಲ್ಲಿ ಇದರಿಂದ ಒಂದಕ್ಷರವೂ ಬದಲಾಗುವುದಿಲ್ಲವೆಂದು ಕಾಲೇಜಿನ ಪತ್ರ ತೋರಿಸಿ. ನೀವು ಅಳೆದ ನಕ್ಷೆಯ ಪ್ರತಿಯೊಂದನ್ನು ಅವರ ಕೈಗೂ ಕೊಡಿ. ತಮ್ಮ ಹೊಲದ ಚಿತ್ರ ಮನೆಯಲ್ಲಿದ್ದರೆ ಬಾವಿಯನ್ನು ಮುಚ್ಚುವ ಮುನ್ನ ಅವರೂ ಒಮ್ಮೆ ಯೋಚಿಸುತ್ತಾರೆ.

ಕೋಟೆ, ಅಷ್ಟೂರು ಮೊದಲಾದ ಸಂರಕ್ಷಿತ ಸ್ಮಾರಕಗಳ ಸುತ್ತ ನೂರು ಮೀಟರಿನೊಳಗೆ ನಿರ್ಮಾಣ ನಿಷೇಧವೂ, ಅದರಾಚೆಯ ಇನ್ನೂರು ಮೀಟರಿನಲ್ಲಿ ನಿಯಂತ್ರಣವೂ ಕೇಂದ್ರದ ಕಾಯ್ದೆಯಂತೆ ಈಗಾಗಲೇ ಇವೆ. ಆ ವಲಯದೊಳಗಿನ ಜಾಗಗಳನ್ನು ಬೇರೆ ಗುರುತು ಹಾಕಿಡಿ. ಅವು ಸದ್ಯಕ್ಕೆ ಸುರಕ್ಷಿತ. ಅದರ ಹೊರಗಿನ ತೋಪು, ಬಾವಿಗಳೇ ಮೊದಲು ಹೋಗುವಂಥವು, ಆದ್ದರಿಂದ ಅವನ್ನು ಮೊದಲು ಅಳೆಯಿರಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಅದರ ದಾಖಲಾತಿ ಪುಸ್ತಕ ಇರಬೇಕೆಂಬ ನಿಯಮವಿದೆ. ನಿಮ್ಮ ವಿದ್ಯಾರ್ಥಿಗಳು ಗುರುತಿಸಿದ ಹಳೆಯ ಮರಗಳ ವಿವರವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಬರಹದಲ್ಲಿ ಕೊಟ್ಟು, ಆ ಪುಸ್ತಕದಲ್ಲಿ ಸೇರಿಸಿಕೊಳ್ಳಲು ಕೋರಿ, ಸ್ವೀಕೃತಿಯ ಸಹಿ ಪಡೆದುಕೊಳ್ಳಿ. ಉರ್ದು ಖಾಸ್ರಾ ಓದುವ ದಿನ ತಿಳಿಸಿದರೆ ನಾನೂ ಬೀದರಿಗೆ ಬರುತ್ತೇನೆ.